ಓಪನ್ ಸೋರ್ಸ್ ಆ್ಯಪ್‌ಗೆ ಮೊದಲ ಕೊಡುಗೆ: ಒತ್ತಕ್ಷರ ಕತ್ತರಿಸಿಹೋಗುವ ದೋಷವನ್ನು ನಾನೇ ಸರಿಪಡಿಸಬಹುದೇ?

ಕೊಂಡಿ_ಸೆರಗು, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆಯಲ್ಲಿ ಕಂಪ್ಯೂಟರ್ ಸೈನ್ಸ್ ವಿಭಾಗದ ಐದನೆಯ ಸೆಮಿಸ್ಟರ್‌ನಲ್ಲಿ ಓದುತ್ತಿದ್ದೇನೆ. ಇಳಕಲ್ಲಿನಲ್ಲಿ ನಮ್ಮ ತಂದೆಯವರದೊಂದು ಸಣ್ಣ ಸೀರೆ ಅಂಗಡಿ ಇದೆ. ಉದ್ರಿ ಲೆಕ್ಕವನ್ನು ಅವರು ಇಷ್ಟು ವರ್ಷ ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆಯುತ್ತಿದ್ದರು. ಕಳೆದ ದೀಪಾವಳಿಯ ಹೊತ್ತಿಗೆ ನಾನು ಅವರ ಫೋನಿಗೆ ಓಪನ್ ಸೋರ್ಸ್ ಆದ, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ, ಒಂದು ಲೆಕ್ಕದ ಆ್ಯಪ್ ಹಾಕಿಕೊಟ್ಟೆ. ಅದರಲ್ಲಿ ಜಾಹೀರಾತಿಲ್ಲ, ಗಿರಾಕಿಗಳ ವಿವರ ಫೋನ್ ಬಿಟ್ಟು ಹೊರಗೆ ಹೋಗುವುದಿಲ್ಲ ಎಂಬ ಕಾರಣಕ್ಕೆ ಅದನ್ನೇ ಆರಿಸಿದ್ದೆ.

ತೊಂದರೆ ಇರುವುದು ಹೆಸರುಗಳ ಪಟ್ಟಿಯಲ್ಲಿ. ಪ್ರತಿ ಸಾಲಿನ ಕೆಳಭಾಗವೂ ಕತ್ತರಿಸಿಹೋಗುತ್ತದೆ. "ಮಲ್ಲಮ್ಮ" ಎಂದು ಬರೆದದ್ದು "ಮಲಮ" ಎಂದು ಕಾಣುತ್ತದೆ, "ಬಸಪ್ಪ" ಎಂಬುದು "ಬಸಪ" ಆಗುತ್ತದೆ. ತಂದೆಯವರಿಗೆ ದೊಡ್ಡ ಅಕ್ಷರವೇ ಬೇಕು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಕ್ಷರ ದೊಡ್ಡದು ಮಾಡಿದ ಮೇಲಂತೂ ಒತ್ತಕ್ಷರಗಳ ಗುರುತೇ ಉಳಿಯಲಿಲ್ಲ. ಒಂದೇ ಓಣಿಯ ಇಬ್ಬರು ಗಿರಾಕಿಗಳ ಹೆಸರು ಒಂದೇ ಆಗಿ ಕಂಡು, ಒಬ್ಬರು ಕೊಟ್ಟ ಹಣ ಇನ್ನೊಬ್ಬರ ಖಾತೆಗೆ ಜಮಾ ಆದ ದಿನ ಅವರು ಮತ್ತೆ ಕೆಂಪು ಪುಸ್ತಕ ತೆಗೆದರು. ಅಂದಿನಿಂದ ಇದನ್ನು ಸರಿಪಡಿಸಲೇಬೇಕೆಂದು ನಿರ್ಧರಿಸಿದ್ದೇನೆ.

ನನಗೆ ಜಾವಾ ಬರುತ್ತದೆ, ಕೋಟ್ಲಿನ್ ಈಗಷ್ಟೇ ಕಲಿಯುತ್ತಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್ ಇದೆ. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಆ ಆ್ಯಪ್‌ನ ರೆಪೊ (ಕೋಡಿನ ಭಂಡಾರ) ತೆರೆದು ನೋಡಿದರೆ ಸಾವಿರಾರು ಫೈಲುಗಳಿವೆ, ಯಾವುದಕ್ಕೆ ಕೈ ಹಾಕಬೇಕೆಂದು ತಿಳಿಯುತ್ತಿಲ್ಲ. ಇಂಗ್ಲಿಷ್ ಬರವಣಿಗೆಯೂ ಅಷ್ಟು ಹಿಡಿತದಲ್ಲಿಲ್ಲ. ನನ್ನಂಥವಳಿಂದ ಇದು ಸಾಧ್ಯವೇ? ಸಾಧ್ಯವಾದರೆ ಮೊದಲ ಹೆಜ್ಜೆ ಯಾವುದು?

ತಿಲಕವಾಡಿ, ಬೆಳಗಾವಿ

ಸಾಧ್ಯವಿದೆ, ತಂಗಿ. ಈ ಪ್ರಶ್ನೆ ಕೇಳುವ ಬಹಳಷ್ಟು ವಿದ್ಯಾರ್ಥಿಗಳು "ಯಾವ ಪ್ರಾಜೆಕ್ಟ್ ಆರಿಸಿಕೊಳ್ಳಲಿ" ಎಂಬಲ್ಲಿಯೇ ತಿಂಗಳುಗಟ್ಟಲೆ ನಿಂತುಬಿಡುತ್ತಾರೆ. ನಿಮ್ಮ ಕೈಯಲ್ಲಿ ಆಗಲೇ ನೀವು ದಿನವೂ ನೋಡುವ ಆ್ಯಪ್ ಇದೆ, ಅದರಲ್ಲೊಂದು ನಿಜವಾದ ದೋಷವಿದೆ, ಅದರಿಂದ ನಷ್ಟಪಟ್ಟವರು ಮನೆಯಲ್ಲಿಯೇ ಇದ್ದಾರೆ. ನಾನು ಎಂಟು ವರ್ಷಗಳಿಂದ ಆ್ಯಂಡ್ರಾಯ್ಡ್ ಕೆಲಸ ಮಾಡುತ್ತಿದ್ದೇನೆ. ಇಷ್ಟು ಗಟ್ಟಿಯಾದ ಕಾರಣ ಇಟ್ಟುಕೊಂಡು ಬಂದವರನ್ನು ಕಂಡದ್ದು ಕಡಿಮೆ.

ಕೋಡ್ ಮುಟ್ಟುವ ಮೊದಲು ರೆಪೊದಲ್ಲಿ ಕೆಲವು ಸಂಗತಿ ನೋಡಿಕೊಳ್ಳಿ. ಲೈಸೆನ್ಸ್ ಫೈಲ್ ಇದೆಯೇ ಎಂಬುದು ಮೊದಲನೆಯದು, ಏಕೆಂದರೆ ಲೈಸೆನ್ಸ್ ಇಲ್ಲದ ಕೋಡ್ ಎಲ್ಲರ ಕಣ್ಣಿಗೆ ಬಿದ್ದರೂ ಅದನ್ನು ಬದಲಿಸಿ ಹಂಚುವ ಹಕ್ಕು ನಮಗೆ ಇರುವುದಿಲ್ಲ. ಕೊನೆಯ ಕಮಿಟ್ (ದಾಖಲಾದ ಬದಲಾವಣೆ) ಯಾವಾಗ ಆಯಿತು, ಹೊರಗಿನವರ ಪುಲ್ ರಿಕ್ವೆಸ್ಟ್‌ಗಳಿಗೆ (ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್‌ಗಳು ಉತ್ತರಿಸುತ್ತಿದ್ದಾರೆಯೇ ಎಂಬುದನ್ನು ಹತ್ತು ನಿಮಿಷ ಓದಿದರೆ ಆ ಮನೆಯ ರೀತಿ ತಿಳಿಯುತ್ತದೆ. ಅನಂತರ "ಕಾಂಟ್ರಿಬ್ಯೂಟಿಂಗ್" ಎಂಬ ಹೆಸರಿನ ಫೈಲ್ ಇದ್ದರೆ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ. ಕೋಡ್ ಬರೆಯುವ ಶೈಲಿ, ಬ್ರ್ಯಾಂಚ್‌ನ (ತಿದ್ದುಪಡಿಗೆಂದು ತೆರೆಯುವ ಕೋಡಿನ ಕವಲು) ಹೆಸರು, ಪರೀಕ್ಷೆ ನಡೆಸುವ ಕ್ರಮ, ಎಐ ಸಾಧನಗಳಿಂದ ಬರೆಸಿದ ಕೋಡ್ ಕುರಿತ ಅವರ ನಿಲುವು ಎಲ್ಲವೂ ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ.

ನಿಮ್ಮ ಮೊದಲ ಕೊಡುಗೆ ಕೋಡ್ ಆಗಿರಬೇಕಾಗಿಲ್ಲ, ಒಂದು ಒಳ್ಳೆಯ ಇಶ್ಯೂ, ಅಂದರೆ ದೋಷದ ವರದಿ, ಆಗಿರಲಿ. ಇದೇ ದೋಷವನ್ನು ಬೇರೆ ಯಾರಾದರೂ ವರದಿ ಮಾಡಿದ್ದಾರೆಯೇ ಎಂದು ಮೊದಲು ಹುಡುಕಿ. ಮುಚ್ಚಿದ ಇಶ್ಯೂಗಳಲ್ಲೂ ಹುಡುಕಿ. ಇಲ್ಲದಿದ್ದರೆ ಹೊಸದನ್ನು ಬರೆಯಿರಿ. ಫೋನಿನ ಮಾದರಿ, ಆ್ಯಂಡ್ರಾಯ್ಡ್ ಆವೃತ್ತಿ, ಆ್ಯಪ್‌ನ ಆವೃತ್ತಿ, ಅಕ್ಷರ ಗಾತ್ರದ ಸೆಟ್ಟಿಂಗ್, ಯಾವ ಪುಟಕ್ಕೆ ಹೋಗಿ ಏನು ಮಾಡಿದರೆ ದೋಷ ಕಾಣುತ್ತದೆ, ಏನು ಕಾಣಬೇಕಾಗಿತ್ತು ಎಂಬಿಷ್ಟನ್ನು ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆದರೆ ಸಾಕು. ಅದಕ್ಕೆ ಹಿಡಿತದ ಇಂಗ್ಲಿಷ್ ಬೇಕಾಗಿಲ್ಲ.

ಒಂದು ಮಾತನ್ನು ಮಾತ್ರ ಮರೆಯಬೇಡಿ. ಅದನ್ನು ಓದುವವರಿಗೆ ಕನ್ನಡ ಬರುವುದಿಲ್ಲ, "ಮಲಮ" ಮತ್ತು "ಮಲ್ಲಮ್ಮ" ಅವರ ಕಣ್ಣಿಗೆ ಒಂದೇ. ಆದ್ದರಿಂದ ಸರಿಯಾದ ರೂಪ ಮತ್ತು ಕತ್ತರಿಸಿದ ರೂಪ ಎರಡನ್ನೂ ಒಂದೇ ಚಿತ್ರದಲ್ಲಿ ಅಕ್ಕಪಕ್ಕ ಇಟ್ಟು, ಹೋದ ಭಾಗಕ್ಕೆ ಕೆಂಪು ಗೆರೆ ಸುತ್ತಿ, ಕನ್ನಡದಲ್ಲಿ ಎರಡನೆಯ ವ್ಯಂಜನ ಮೊದಲನೆಯದರ ಕೆಳಗೆ ಕೂರುತ್ತದೆ, ಅದು ಹೋದರೆ ಹೆಸರೇ ಬದಲಾಗುತ್ತದೆ ಎಂದು ವಿವರಿಸಿ. ಇಬ್ಬರ ಖಾತೆ ಅದಲುಬದಲಾದ ಸಂಗತಿಯನ್ನೂ ಬರೆಯಿರಿ. ಇದು ಅಂದಚಂದದ ಪ್ರಶ್ನೆಯಲ್ಲ, ಲೆಕ್ಕ ತಪ್ಪುವ ಪ್ರಶ್ನೆ ಎಂದು ಅವರಿಗೆ ಆಗ ಮನವರಿಕೆಯಾಗುತ್ತದೆ. ಚಿತ್ರದಲ್ಲಿ ನಿಜವಾದ ಗಿರಾಕಿಗಳ ಹೆಸರು, ಬಾಕಿ ಮೊತ್ತ ಇರಕೂಡದು. ಕಲ್ಪಿತ ಹೆಸರುಗಳನ್ನು ಸೇರಿಸಿ ಚಿತ್ರ ತೆಗೆಯಿರಿ, ಏಕೆಂದರೆ ಇಶ್ಯೂಗೆ ಹಾಕಿದ್ದು ಜಗತ್ತಿಗೇ ಕಾಣುತ್ತದೆ.

ಕೊಂಡಿ_ಸೆರಗು, ಬಾಗಲಕೋಟೆ

ಧನ್ಯವಾದಗಳು ಸರ್. ಹುಡುಕಿದೆ, ಕನ್ನಡದ ಹೆಸರಿನಲ್ಲಿ ಯಾರೂ ಬರೆದಿಲ್ಲ. ಇಂದು ರಾತ್ರಿ ಬರೆಯುತ್ತೇನೆ. ಲ್ಯಾಪ್‌ಟಾಪ್‌ನ ವಿಷಯ ಮಾತ್ರ ಹೆದರಿಕೆ ಹುಟ್ಟಿಸಿದೆ. ಆ್ಯಪ್ ಕಟ್ಟುವ ಆ್ಯಂಡ್ರಾಯ್ಡ್ ಸ್ಟುಡಿಯೊ ಜೊತೆಗೆ ಎಮ್ಯುಲೇಟರ್ (ಕಂಪ್ಯೂಟರ್‌ನೊಳಗೆ ಓಡುವ ಅಣಕು ಫೋನ್) ತೆರೆದರೆ ಮೌಸ್ ಕೂಡ ಅಲುಗಾಡುವುದಿಲ್ಲ.

ಘಟಪ್ರಭಾ_ದಂಡೆ, ಮುಧೋಳ

ಎಮ್ಯುಲೇಟರ್ ಬಿಟ್ಟುಬಿಡಿ. ನಾನು ಮೂರು ವರ್ಷ 8 ಜಿಬಿಯಲ್ಲಿಯೇ ಕೆಲಸ ಮಾಡಿದ್ದೇನೆ. ಹಳೆಯ ಫೋನೊಂದಿದ್ದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಎಂಬುದರ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅದರಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ ಕೇಬಲ್ ಜೋಡಿಸಿದರೆ ನಿಮ್ಮ ಬಿಲ್ಡ್ (ನಿಮ್ಮ ಕೋಡಿನಿಂದ ಕಟ್ಟಿದ ಆ್ಯಪ್) ನೇರವಾಗಿ ಫೋನಿನಲ್ಲಿ ಓಡುತ್ತದೆ. ನಿಮ್ಮ ದೋಷಕ್ಕಂತೂ ನಿಜವಾದ ಫೋನ್, ನಿಜವಾದ ಅಕ್ಷರವೇ ಒಳ್ಳೆಯದು.

ರೆಪೊ ಇಳಿಸಿಕೊಳ್ಳುವಾಗ ಪೂರ್ತಿ ಇತಿಹಾಸ ಬೇಡ. ಗಿಟ್ ಕ್ಲೋನ್ ಆಜ್ಞೆಗೆ "ಡೆಪ್ತ್ 1" ಎಂಬ ಆಯ್ಕೆ ಸೇರಿಸಿದರೆ ಕೊನೆಯ ಸ್ಥಿತಿ ಮಾತ್ರ ಇಳಿಯುತ್ತದೆ, ಡೇಟಾ ಉಳಿಯುತ್ತದೆ. ಮೊದಲ ಬಿಲ್ಡ್‌ನಲ್ಲಿ ಗ್ರೇಡಲ್ ಎಂಬ ಬಿಲ್ಡ್ ಸಾಧನ ತನಗೆ ಬೇಕಾದ ಲೈಬ್ರರಿಗಳನ್ನೆಲ್ಲ ಇಳಿಸಿಕೊಳ್ಳುತ್ತದೆ, ಅದನ್ನು ಕಾಲೇಜಿನ ವೈಫೈನಲ್ಲಿ ಮಾಡಿಕೊಳ್ಳಿ. ಎರಡನೆಯ ಸಲದಿಂದ ಅಷ್ಟು ಕಾಯಬೇಕಾಗುವುದಿಲ್ಲ.

ಇನ್ನು ಸಾವಿರಾರು ಫೈಲುಗಳ ಪ್ರಶ್ನೆ. ನಿಮಗೆ ಬೇಕಾದದ್ದು ಒಂದೋ ಎರಡೋ. ದೋಷ ಇರುವ ಪುಟದಲ್ಲಿ ಕಾಣುವ ಇಂಗ್ಲಿಷ್ ಶೀರ್ಷಿಕೆಯೊಂದನ್ನು ತೆಗೆದುಕೊಂಡು ಪರದೆಯ ಮೇಲಿನ ಮಾತುಗಳನ್ನು ಇಟ್ಟಿರುವ "ಸ್ಟ್ರಿಂಗ್ಸ್" ಎಂಬ ಎಕ್ಸ್‌ಎಂಎಲ್ ಫೈಲಿನಲ್ಲಿ ಹುಡುಕಿ. ಆ ಮಾತಿಗೆ ಕೋಡಿನಲ್ಲಿ ಇಟ್ಟಿರುವ ಗುರುತಿನ ಹೆಸರು ಸಿಗುತ್ತದೆ. ಆ ಗುರುತಿನ ಹೆಸರನ್ನು ಇಡೀ ಪ್ರಾಜೆಕ್ಟ್‌ನಲ್ಲಿ ಹುಡುಕಿದರೆ ಆ ಪುಟವನ್ನು ಕಟ್ಟಿದ ಲೇಔಟ್ ಫೈಲಿಗೆ ಬಂದು ನಿಲ್ಲುತ್ತೀರಿ. ಎಷ್ಟೇ ದೊಡ್ಡ ಆ್ಯಪ್ ಆದರೂ ನಾನು ಈ ದಾರದ ತುದಿ ಹಿಡಿದೇ ಒಳಗೆ ಹೋಗುವುದು. ಅಲ್ಲಿ ಪಠ್ಯದ ಪೆಟ್ಟಿಗೆಯ ಎತ್ತರಕ್ಕೆ ಇಷ್ಟೇ ಡಿಪಿ (ಪರದೆಯ ಅಳತೆಯ ಏಕಮಾನ) ಎಂದು ಸಂಖ್ಯೆ ಕಟ್ಟಿಹಾಕಿದ್ದಾರೆಯೇ ನೋಡಿ. ಅಕ್ಷರದ ಗಾತ್ರ ಎಸ್‌ಪಿ ಎಂಬ ಇನ್ನೊಂದು ಏಕಮಾನದಲ್ಲಿ ಇರುವುದರಿಂದ ಬಳಕೆದಾರರ ಸೆಟ್ಟಿಂಗ್‌ಗೆ ತಕ್ಕಂತೆ ಬೆಳೆಯುತ್ತದೆ, ಡಿಪಿಯಲ್ಲಿ ಕಟ್ಟಿದ ಪೆಟ್ಟಿಗೆ ಮಾತ್ರ ಬೆಳೆಯುವುದಿಲ್ಲ. ಇಂಗ್ಲಿಷ್ ಅಕ್ಷರ ಅದರಲ್ಲಿ ಹೇಗೋ ಹಿಡಿಯುತ್ತದೆ, ನಮ್ಮ ಒತ್ತಕ್ಷರ ಹಿಡಿಯುವುದಿಲ್ಲ.

ಗುಮ್ಮಟದೂರು_ಶಿಕ್ಷಕ, ವಿಜಯಪುರ

ನಾನು ಕೋಡ್ ಬರೆಯುವವನಲ್ಲ, ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವನು. ಆದರೂ ಆರು ವರ್ಷಗಳಿಂದ ಆ್ಯಪ್‌ಗಳ ಅನುವಾದದ ಮೂಲಕ ಈ ಕೆಲಸದಲ್ಲಿ ಭಾಗಿಯಾಗಿದ್ದೇನೆ. ಈ ಚರ್ಚೆಯನ್ನು ಓದುತ್ತಿರುವ, ಪ್ರೋಗ್ರಾಮಿಂಗ್ ತಿಳಿಯದ ಗೆಳೆಯರಿಗಾಗಿ ಕೆಲವು ಮಾತು ಬರೆಯುತ್ತೇನೆ.

ಅನುವಾದವನ್ನು ಎಲ್ಲಿ ಸಲ್ಲಿಸಬೇಕೆಂಬುದು ಪ್ರಾಜೆಕ್ಟ್‌ನಿಂದ ಪ್ರಾಜೆಕ್ಟ್‌ಗೆ ಬೇರೆ. ವಿಕಿಪೀಡಿಯದ ಆ್ಯಂಡ್ರಾಯ್ಡ್ ಆ್ಯಪ್‌ನ ಮಾತುಗಳು ಟ್ರಾನ್ಸ್‌ಲೇಟ್‌ವಿಕಿ ಎಂಬ ಅನುವಾದದ ತಾಣದಲ್ಲಿ ಅನುವಾದವಾಗುತ್ತವೆ, ಬೀದಿಬೀದಿ ನಡೆದು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯನ್ನು ತುಂಬುವ ಸ್ಟ್ರೀಟ್‌ಕಂಪ್ಲೀಟ್ ಆ್ಯಪ್‌ನವು ಪಿಒಎಡಿಟರ್‌ನಲ್ಲಿ, ಇನ್ನೂ ಎಷ್ಟೋ ಆ್ಯಪ್‌ಗಳದು ವೆಬ್‌ಲೇಟ್‌ನಲ್ಲಿ. ಇದನ್ನು ತಿಳಿಯದೆ ಗಿಟ್‌ಹಬ್‌ನಲ್ಲಿ ನೇರವಾಗಿ ಕನ್ನಡದ ಫೈಲನ್ನು ತಿದ್ದಿದರೆ ಶ್ರಮ ವ್ಯರ್ಥವಾಗುತ್ತದೆ, ಏಕೆಂದರೆ ಅನುವಾದದ ತಾಣದಿಂದ ಮುಂದಿನ ಸಲ ಬರುವ ಪ್ರತಿ ಅದನ್ನು ಅಳಿಸಿಹಾಕಬಹುದು.

ಅನುವಾದದಲ್ಲಿ ನನ್ನ ಅತ್ಯಂತ ದೊಡ್ಡ ತಪ್ಪು ಒಂದು ಅಂಕಿಯಿಂದಾಯಿತು. ಏಕವಚನದ ಜಾಗದಲ್ಲಿ ಸಂಖ್ಯೆಯ ಚಿಹ್ನೆಯನ್ನು (ಪ್ರೋಗ್ರಾಂ ಅಂಕಿಯನ್ನು ತುಂಬುವ ಗುರುತು) ತೆಗೆದು, ಓದಲು ಹಿತವೆಂದು "ಒಂದು ಸಂದೇಶ ಬಾಕಿ ಇದೆ" ಎಂದು ಅಕ್ಷರದಲ್ಲಿ ಬರೆದಿದ್ದೆ. ಆ್ಯಪ್‌ಗಳು ಅನುಸರಿಸುವ ಯೂನಿಕೋಡ್ ಒಕ್ಕೂಟದ ಸಿಎಲ್‌ಡಿಆರ್ ಎಂಬ ಭಾಷಾ ಮಾಹಿತಿಕೋಶದ ನಿಯಮಗಳ ಪ್ರಕಾರ ಕನ್ನಡದಲ್ಲಿ 0 ಮತ್ತು 1 ಎರಡೂ ಏಕವಚನದ ವರ್ಗಕ್ಕೇ ಸೇರುತ್ತವೆ. ಇಂಗ್ಲಿಷ್‌ನಲ್ಲಿ ಹಾಗಿಲ್ಲ, ಅಲ್ಲಿ ಸೊನ್ನೆ ಬಹುವಚನದ ಕಡೆಗೆ ಹೋಗುತ್ತದೆ. ಹೀಗಾಗಿ ಒಂದೂ ಸಂದೇಶ ಇಲ್ಲದವರ ಫೋನಿನಲ್ಲಿಯೂ "ಒಂದು ಸಂದೇಶ ಬಾಕಿ ಇದೆ" ಎಂದೇ ಕಾಣುತ್ತಿತ್ತು. ಜನ ಇಲ್ಲದ ಸಂದೇಶವನ್ನು ಹುಡುಕಿದರು. ಅಂದಿನಿಂದ ಸಂಖ್ಯೆಯ ಚಿಹ್ನೆಯನ್ನು ನಾನು ಎಲ್ಲಿಯೂ ತೆಗೆಯುವುದಿಲ್ಲ.

ಎರಡನೆಯದು ವಿಭಕ್ತಿ. ಇಂಗ್ಲಿಷ್‌ನಲ್ಲಿ ಊರಿನ ಹೆಸರಿಗಿಂತ ಮೊದಲು ಒಂದು ಪದ ಇಟ್ಟರೆ ಮುಗಿಯಿತು. ಹೆಸರಿನ ಜಾಗವನ್ನು ಖಾಲಿ ಬಿಟ್ಟು ಪ್ರೋಗ್ರಾಂ ಅದನ್ನು ತುಂಬಿಕೊಳ್ಳುತ್ತದೆ. ನಮ್ಮಲ್ಲಿ ಬೆಳಗಾವಿಗೆ, ಬಾಗಲಕೋಟೆಗೆ, ಆದರೆ ವಿಜಯಪುರಕ್ಕೆ, ಹುನಗುಂದಕ್ಕೆ. ಖಾಲಿ ಜಾಗದ ಕೊನೆಗೆ "ಗೆ" ಎಂದು ಅಂಟಿಸಿದರೆ "ವಿಜಯಪುರಗೆ" ಎಂದಾಗುತ್ತದೆ. ನನ್ನ ವಿದ್ಯಾರ್ಥಿ ಹಾಗೆ ಬರೆದರೆ ನಾನು ತಿದ್ದುತ್ತೇನೆ. ಇದಕ್ಕೆ ನಾನು ಕಂಡುಕೊಂಡ ದಾರಿ ಎಂದರೆ ವಾಕ್ಯವನ್ನೇ ಮುರಿದು "ತಲುಪಬೇಕಾದ ಊರು:" ಎಂದು ಬರೆದು ಹೆಸರನ್ನು ಪ್ರತ್ಯಯವಿಲ್ಲದೆ ಕೊನೆಗೆ ಇಡುವುದು. ಒಂದು ವಾಕ್ಯವನ್ನು ಎರಡು ತುಂಡು ಮಾಡಿ ನಡುವೆ ಹೆಸರು ತೂರಿಸುವಂತೆ ಕೋಡ್ ಬರೆದಿದ್ದರಂತೂ ಕ್ರಿಯಾಪದ ಕೊನೆಗೆ ಬರುವ ನಮ್ಮ ಭಾಷೆಯಲ್ಲಿ ಯಾವ ಅನುವಾದವೂ ಕೂಡುವುದಿಲ್ಲ. ಆಗ ಸುಮ್ಮನಿರದೆ ಇಶ್ಯೂ ಬರೆಯಿರಿ, ಅದು ಕೋಡಿನ ದೋಷ.

ಕೊನೆಯದಾಗಿ, ಅನುವಾದ ಮುಗಿಸಿ ಕೈ ತೊಳೆದುಕೊಳ್ಳಬೇಡಿ. ಹೊಸ ಆವೃತ್ತಿ ಬಂದಾಗ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ಒಂದೊಂದು ಪುಟವನ್ನೂ ತೆರೆದು ಓದಿ. ತಾಣದಲ್ಲಿ ಸರಿ ಕಂಡ ಮಾತು ಗುಂಡಿಯ ಮೇಲೆ ಅರ್ಧಕ್ಕೆ ನಿಂತಿರುತ್ತದೆ.

ಗೋಕಾಕದಿಂದ

ಹಿರಿಯರಾದ ಶಿಕ್ಷಕರ ಮಾತಿಗೆ ಗೌರವವಿದೆ, ಆದರೂ ಒಂದು ಭಿನ್ನಾಭಿಪ್ರಾಯ ಹೇಳಲೇಬೇಕು. ಪ್ರಶ್ನೆ ಕೇಳಿದವರು ಇಂಜಿನಿಯರಿಂಗ್ ವಿದ್ಯಾರ್ಥಿನಿ. ಕೆಲಸ ಕೊಡುವವರು ನೋಡುವುದು ಕೋಡನ್ನು. ಅನುವಾದ, ಇಶ್ಯೂ ಎಂದು ಸಮಯ ಕಳೆಯುವುದಕ್ಕಿಂತ "ಗುಡ್ ಫಸ್ಟ್ ಇಶ್ಯೂ" (ಹೊಸಬರಿಗೆ ತಕ್ಕ ಕೆಲಸ) ಎಂಬ ಗುರುತು ಇರುವ ಹತ್ತಾರು ಪ್ರಾಜೆಕ್ಟ್‌ಗಳಲ್ಲಿ ಬೇಗ ಬೇಗ ಪುಲ್ ರಿಕ್ವೆಸ್ಟ್ ಕಳಿಸಿ ಸಂಖ್ಯೆ ಹೆಚ್ಚಿಸಿಕೊಳ್ಳುವುದು ಅವರ ಭವಿಷ್ಯಕ್ಕೆ ಒಳ್ಳೆಯದಲ್ಲವೇ?

ತಿಲಕವಾಡಿ, ಬೆಳಗಾವಿ

ಗೋಕಾಕದ ಗೆಳೆಯರೇ, ನಿಮ್ಮ ಕಳಕಳಿ ಅರ್ಥವಾಗುತ್ತದೆ, ಆದರೆ ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ನಮ್ಮ ಕಚೇರಿಯಲ್ಲಿ ಸಂದರ್ಶನ ಮಾಡುವವರಲ್ಲಿ ನಾನೂ ಒಬ್ಬ. ಹತ್ತು ಕಡೆ ಒಂದೊಂದು ಕಾಗುಣಿತ ತಿದ್ದಿದ ಪಟ್ಟಿಗಿಂತ, ಒಂದೇ ಇಶ್ಯೂನಲ್ಲಿ ಅಪರಿಚಿತರ ಜೊತೆ ಮೂರು ವಾರ ಸಮಾಧಾನದಿಂದ ಮಾತನಾಡಿ ಕೆಲಸ ಮುಗಿಸಿದ ದಾಖಲೆ ನನಗೆ ಹೆಚ್ಚು ತಿಳಿಸುತ್ತದೆ.

ಸಂಖ್ಯೆಯ ಬೆನ್ನು ಹತ್ತಿದರೆ ಏನಾಗುತ್ತದೆ ಎಂಬುದನ್ನು ಓಪನ್ ಸೋರ್ಸ್ ಕೊಡುಗೆಯನ್ನು ಉತ್ತೇಜಿಸಲು ಅಕ್ಟೋಬರ್‌ನಲ್ಲಿ ನಡೆಯುವ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ, 2020ರಲ್ಲಿ, ಎಲ್ಲರೂ ನೋಡಿದ್ದಾರೆ. ಟೀ ಶರ್ಟ್ ಸಿಗುತ್ತದೆಂದು ಜನ ಅರ್ಥವಿಲ್ಲದ ಪುಲ್ ರಿಕ್ವೆಸ್ಟ್‌ಗಳನ್ನು ರಾಶಿ ರಾಶಿ ಕಳಿಸಿದರು, ಬಿಡುವಿನಲ್ಲಿ ಕೆಲಸ ಮಾಡುವ ಮೇಂಟೇನರ್‌ಗಳ ಸಮಯವೆಲ್ಲ ಅವನ್ನು ಮುಚ್ಚುವುದರಲ್ಲೇ ಹೋಯಿತು, ಕೊನೆಗೆ ಒಪ್ಪಿಗೆ ಸೂಚಿಸಿದ ಪ್ರಾಜೆಕ್ಟ್‌ಗಳಿಗೆ ಮಾತ್ರ ಅದು ಅನ್ವಯಿಸುವಂತೆ ಆಯೋಜಕರು ನಿಯಮವನ್ನೇ ಬದಲಿಸಬೇಕಾಯಿತು. ನಮ್ಮ ಭಾಗದ ಹುಡುಗ ಹುಡುಗಿಯರ ಹೆಸರು ಅಂಥ ರಾಶಿಯಲ್ಲಿ ಸೇರಬಾರದು ಎಂಬುದು ನನ್ನ ಆಸೆ.

ಘಟಪ್ರಭಾ_ದಂಡೆ, ಮುಧೋಳ

ನನ್ನದೂ ಒಂದು ಅನುಭವ ಸೇರಿಸುತ್ತೇನೆ. ಎರಡು ವರ್ಷಗಳ ಹಿಂದೆ ಒಂದು ಆ್ಯಪ್‌ಗೆ ಕನ್ನಡ ಕೀಲಿಮಣೆಯ ಸಮಸ್ಯೆ ಸರಿಪಡಿಸಿ, ಜೊತೆಗೆ ಬಣ್ಣ ಬದಲಿಸಿ, ಮೂರು ಹಳೆಯ ಫೈಲುಗಳ ಜಾವಾ ಕೋಡನ್ನು ಕೋಟ್ಲಿನ್‌ಗೆ ತಂದು, ಎಲ್ಲವನ್ನೂ ಒಂದೇ ಪುಲ್ ರಿಕ್ವೆಸ್ಟ್‌ನಲ್ಲಿ ಕಳಿಸಿದ್ದೆ. ನಾಲ್ಕು ತಿಂಗಳು ಉತ್ತರವಿಲ್ಲ. ಆಮೇಲೆ "ಇಷ್ಟನ್ನು ಪರಿಶೀಲಿಸಲು ನಮಗೆ ಆಗದು" ಎಂದು ಮುಚ್ಚಿದರು. ಆಗ ಬಹಳ ನೋವಾಯಿತು. ಈಗ ಮತ್ತೆ ಓದಿದರೆ ಅವರ ಕಡೆಯೇ ನ್ಯಾಯ ಕಾಣುತ್ತದೆ. ಕೀಲಿಮಣೆಯ ಭಾಗವನ್ನಷ್ಟೇ ಬೇರ್ಪಡಿಸಿ, ಹನ್ನೆರಡು ಸಾಲುಗಳಲ್ಲಿ ಮತ್ತೆ ಕಳಿಸಿದಾಗ ಐದು ದಿನದಲ್ಲಿ ಸೇರಿಸಿಕೊಂಡರು. ಆದ್ದರಿಂದ ತಂಗಿ, ನಿಮ್ಮ ಬ್ರ್ಯಾಂಚ್‌ನಲ್ಲಿ ಒತ್ತಕ್ಷರದ ದೋಷ ಬಿಟ್ಟು ಬೇರೇನನ್ನೂ ಮುಟ್ಟಬೇಡಿ, ಪಕ್ಕದ ಸಾಲು ಎಷ್ಟೇ ಕೆಟ್ಟದಾಗಿ ಕಂಡರೂ.

ಶಹಾಪುರ_ಪೇಟೆ, ಬೆಳಗಾವಿ

ಒಂದು ಸಣ್ಣ ಸೂಚನೆ. ನಮ್ಮ ಮನೆಯಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತವೆ, ಫೋನುಗಳಲ್ಲಿಯೂ ಹಾಗೆಯೇ. ಕನ್ನಡದಲ್ಲಿ ಕೆಳಗೆ ಕತ್ತರಿಸುವ ಪೆಟ್ಟಿಗೆ ಮರಾಠಿಯಲ್ಲಿ ಮೇಲಿನ ಸ್ವರಚಿಹ್ನೆಗಳನ್ನು, ನಮ್ಮ ಅರ್ಕಾವೊತ್ತಿನ ಕೆಲಸವನ್ನೇ ಮಾಡಿದರೂ ಅಕ್ಷರದ ಮೇಲೆ ಕೂರುವ ರೇಫವನ್ನು ಕತ್ತರಿಸುವುದುಂಟು. ನೀವು ಮಾಡುವ ತಿದ್ದುಪಡಿಯನ್ನು ದೇವನಾಗರಿಯಲ್ಲೂ ಪರೀಕ್ಷಿಸಿದರೆ ಮೇಂಟೇನರ್‌ಗಳಿಗೆ ಅದರ ತೂಕ ತಿಳಿಯುತ್ತದೆ. ಪರೀಕ್ಷೆಯ ಬಿಲ್ಡ್ ಕಳಿಸಿದರೆ ನಮ್ಮ ತಾಯಿಯವರ ಫೋನಿನಲ್ಲಿ ಹಾಕಿ ಚಿತ್ರ ತೆಗೆದು ಕೊಡುತ್ತೇನೆ.

ಕೊಂಡಿ_ಸೆರಗು, ಬಾಗಲಕೋಟೆ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮೆ ಇರಲಿ. ಏಳು ವಾರಗಳಲ್ಲಿ ನಡೆದದ್ದನ್ನು ಹೇಳುತ್ತೇನೆ.

ಇಶ್ಯೂ ಬರೆದ ಒಂಬತ್ತನೆಯ ದಿನ ಮೇಂಟೇನರ್ ಒಬ್ಬರು ಉತ್ತರಿಸಿದರು. ಕೆಂಪು ಗೆರೆಯ ಚಿತ್ರ ನೋಡಿದ ಮೇಲೆಯೇ ದೋಷ ಏನೆಂದು ತಿಳಿಯಿತು, ತಿದ್ದಲು ನಿಮಗೆ ಇಷ್ಟವಿದೆಯೇ ಎಂದು ಕೇಳಿದರು. ಹೌದೆಂದು ಬರೆದು, ರೆಪೊವನ್ನು ನನ್ನ ಖಾತೆಗೆ ಫೋರ್ಕ್ (ನನ್ನದೇ ಒಂದು ನಕಲು) ಮಾಡಿಕೊಂಡು, ಹೊಸ ಬ್ರ್ಯಾಂಚ್ ತೆರೆದೆ. ಮುಧೋಳದ ಅಣ್ಣನವರು ಹೇಳಿದಂತೆ ಇಂಗ್ಲಿಷ್ ಶೀರ್ಷಿಕೆಯಿಂದ ಹುಡುಕುತ್ತ ಹೋದಾಗ ಲೇಔಟ್ ಫೈಲ್ ಸಿಕ್ಕಿತು. ಹೆಸರಿನ ಪೆಟ್ಟಿಗೆಯ ಎತ್ತರ 24 ಡಿಪಿ ಎಂದು ಕಟ್ಟಿಹಾಕಿದ್ದರು. ಸಾಲದ್ದಕ್ಕೆ ಅಕ್ಷರದ ಮೇಲೆ ಕೆಳಗೆ ಇರುವ ಹೆಚ್ಚುವರಿ ಜಾಗವನ್ನೂ ತೆಗೆದುಹಾಕುವ ಇನ್ನೊಂದು ಸಾಲು ಇತ್ತು. ಎತ್ತರವನ್ನು ಒಳಗಿನ ಪಠ್ಯಕ್ಕೆ ತಕ್ಕಂತೆ ಹೊಂದಿಕೊಳ್ಳುವ ಹಾಗೆ ಬದಲಿಸಿ, ಆ ಎರಡನೆಯ ಸಾಲನ್ನು ಅಳಿಸಿದೆ. ಹಳೆಯ ಫೋನಿನಲ್ಲಿ ಬಿಲ್ಡ್ ಓಡಿಸಿದಾಗ "ಮಲ್ಲಮ್ಮ" ಎಂಬ ಹೆಸರಿನ ಲ ಒತ್ತು, ಮ ಒತ್ತು ಎರಡೂ ಪೂರ್ತಿಯಾಗಿ ಕಂಡವು. ಆ ರಾತ್ರಿ ನಾನು ಬಹಳ ಹೊತ್ತು ಆ ಪುಟವನ್ನೇ ನೋಡುತ್ತ ಕುಳಿತಿದ್ದೆ.

ಪುಲ್ ರಿಕ್ವೆಸ್ಟ್ ಕಳಿಸಿದಾಗ ತಾನಾಗಿ ನಡೆಯುವ ಪರೀಕ್ಷೆಗಳಲ್ಲಿ ಒಂದು ವಿಫಲವಾಯಿತು. ಕಾರಣ ನನ್ನ ತಿದ್ದುಪಡಿಯಲ್ಲ, ಸಾಲಿನ ಕೊನೆಯಲ್ಲಿ ಉಳಿದುಹೋದ ಖಾಲಿ ಜಾಗ. ಅದನ್ನು ತೆಗೆದೆ. ಪರಿಶೀಲಿಸಿದವರು ಎರಡು ಬದಲಾವಣೆ ಕೇಳಿದರು. ಚಿಕ್ಕ ಅಕ್ಷರದಲ್ಲಿ ಸಾಲುಗಳು ತೀರ ಒತ್ತೊತ್ತಾಗಿ ಬೆರಳಿಗೆ ಸಿಗದಂತೆ ಆಗಬಾರದೆಂದು ಕನಿಷ್ಠ ಎತ್ತರವೊಂದನ್ನು ಇಡಬೇಕು ಎಂಬುದು ಒಂದು. ಇದೇ ತಪ್ಪು ಇನ್ನೆರಡು ಲೇಔಟ್‌ಗಳಲ್ಲಿದೆ, ಅವನ್ನೂ ಸೇರಿಸಿ ಎಂಬುದು ಇನ್ನೊಂದು. ಎರಡನ್ನೂ ಅದೇ ಬ್ರ್ಯಾಂಚ್‌ಗೆ ಸೇರಿಸಿದೆ. ಶಹಾಪುರದವರು ಕಳಿಸಿದ ಮರಾಠಿ ಚಿತ್ರಗಳನ್ನೂ, ಅತಿ ದೊಡ್ಡ ಅಕ್ಷರದಲ್ಲಿ ತೆಗೆದ ಕನ್ನಡದ ಚಿತ್ರಗಳನ್ನೂ ಜೊತೆಗಿಟ್ಟೆ. ಅವರ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ನಡುವೆ ಹದಿನೈದು ದಿನ ಯಾರೂ ಮಾತನಾಡಲಿಲ್ಲ. ಆತಂಕವಾದರೂ ತಿಲಕವಾಡಿ ಸರ್ ಅವರನ್ನು ಕೇಳಿ, ಒಂದೇ ಒಂದು ಸಲ ವಿನಯದಿಂದ ನೆನಪಿಸಿದೆ. ಕಳೆದ ಸೋಮವಾರ ಅದನ್ನು ಮುಖ್ಯ ಬ್ರ್ಯಾಂಚ್‌ಗೆ ಸೇರಿಸಿಕೊಂಡರು. ಓಪನ್ ಸೋರ್ಸ್ ಆ್ಯಪ್‌ಗಳು ಸಿಗುವ ಎಫ್‌-ಡ್ರಾಯ್ಡ್‌ನಲ್ಲಿ ಹೊಸ ಆವೃತ್ತಿ ಇನ್ನೂ ಬಂದಿಲ್ಲ, ತಂದೆಯವರ ಫೋನಿನಲ್ಲಿ ಸದ್ಯಕ್ಕೆ ನನ್ನ ಬಿಲ್ಡ್ ಇದೆ.

ಈಗ ಅವರದು ಹೊಸ ಪ್ರಶ್ನೆ. ಆ್ಯಪ್‌ನಲ್ಲಿ "ಸಾಲ" ಎಂದಿರುವ ಕಡೆಯಲ್ಲೆಲ್ಲ "ಉದ್ರಿ" ಎಂದು ಇರಬೇಕಂತೆ. ಸೀರೆ ಒಯ್ದು ಮುಂದಿನ ತಿಂಗಳು ಹಣ ಕೊಡುವವರನ್ನು ಸಾಲಗಾರರೆಂದು ಕರೆಯುವುದು ಅವರಿಗೆ ಸರಿಬರುತ್ತಿಲ್ಲ. ಅನುವಾದ ವೆಬ್‌ಲೇಟ್‌ನಲ್ಲಿದೆ. ನಾನೇ ಬದಲಿಸಬಹುದೇ, ಗುರುಗಳೇ?

ಗುಮ್ಮಟದೂರು_ಶಿಕ್ಷಕ, ವಿಜಯಪುರ

ತಂದೆಯವರ ಮಾತು ಸರಿಯಾಗಿದೆ, ಎರಡೂ ಒಂದೇ ಅಲ್ಲ. ಆದರೆ ಆ ಪದವನ್ನು ಮೊದಲು ಇಟ್ಟವರೊಬ್ಬರು ಇದ್ದಾರೆ, ಅವರ ಮೇಲೆ ನೇರವಾಗಿ ಅಳಿಸಿ ಬರೆಯಬೇಡಿ. ವೆಬ್‌ಲೇಟ್‌ನಲ್ಲಿ ಸೂಚನೆ ಎಂಬ ಆಯ್ಕೆ ಇದೆ. "ಉದ್ರಿ" ಎಂದು ಸೂಚಿಸಿ, ಕೆಳಗೆ ಟಿಪ್ಪಣಿಯಲ್ಲಿ ಅಂಗಡಿಯ ಬಳಕೆಯನ್ನು ವಿವರಿಸಿ, ಮೈಸೂರು ಮತ್ತು ಕರಾವಳಿ ಕಡೆಯ ಅನುವಾದಕರು ಅಲ್ಲಿದ್ದರೆ ಅವರ ಅಂಗಡಿಗಳಲ್ಲಿ ಯಾವ ಪದ ನಡೆಯುತ್ತದೆ ಎಂದು ಕೇಳಿ. ಬ್ಯಾಂಕಿನಿಂದ ತಂದ ಹಣದ ಪುಟದಲ್ಲಿ "ಸಾಲ" ಹಾಗೆಯೇ ಉಳಿಯಬೇಕು, ಆದ್ದರಿಂದ ಒಂದೊಂದು ಸಾಲಿನ ಮೂಲ ಇಂಗ್ಲಿಷ್ ಯಾವ ಪುಟದ್ದೆಂದು ನೋಡಿಯೇ ಮುಂದುವರಿಯಿರಿ. ಭಾನುವಾರ ನಾನೂ ಕುಳಿತು ಆ ಪಟ್ಟಿಯನ್ನು ನಿಮ್ಮ ಜೊತೆ ಓದುತ್ತೇನೆ.